ಭಾವ ಕೂಸಿಗೆ ನೀರು ಹಾಕಿದ ದಿನ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಸೊರಬದ ನಮ್ಮ ಮನೆಯಲ್ಲಿದ್ದ ಒಂದು ಕೂಸಿಗೆ ತನ್ನ ಅಪ್ಪ ಯಾರೆಂದೇ ಗೊತ್ತಿರಲಿಲ್ಲ. ಅದು ಅಕ್ಕನ ಚೊಚ್ಚಲ ಮಗು. ಅಕ್ಕನ ಗಂಡ, ಅಂದರೆ ನನ್ನ ಭಾವ, ಮಿಲಿಟರಿಯಲ್ಲಿದ್ದರು. ಅವರ ಊರು ಶಿಕಾರಿಪುರದ ಹತ್ತಿರದ ಅಂಜನಾಪುರ. ಆದರೆ ಕೂಸು ಹುಟ್ಟಿದಾಗ ಅವರಿದ್ದದ್ದು ದೂರದ ಉತ್ತರದ ಹಿಮದ ಬೆಟ್ಟಗಳಲ್ಲಿ. ಹಿಮ ಅಂದರೆ ಏನೆಂದು ನಾನು ಕಂಡವಳಲ್ಲ. ಮಳೆಗಾಲದಲ್ಲಿ ಗುಡವಿ ಕೆರೆಯ ಮರಗಳೆಲ್ಲ ಹಕ್ಕಿಗಳು ಕೂತು ಬೆಳ್ಳಗಾಗುತ್ತವಲ್ಲ, ಹಿಮವೂ ಹಾಗೇ ಮರದ ಮೇಲೆ ಬಂದು ಕೂರುತ್ತದೆ, ಚಪ್ಪಾಳೆ ತಟ್ಟಿದರೆ ಎದ್ದು ಹಾರುತ್ತದೆ ಎಂದುಕೊಂಡಿದ್ದೆ.

ಭಾವ ರಜೆಗೆ ಬಂದದ್ದು ಕೂಸು ಬೋರಲು ಬೀಳಲು ಕಲಿತ ಮೇಲೆ. ಬೇಸಿಗೆ ಆಗಲೇ ಶುರುವಾಗಿತ್ತು. ಕಪ್ಪು ಟ್ರಂಕು ಹೊತ್ತು ಅವರು ಬಾಗಿಲಲ್ಲಿ ನಿಂತಾಗ ನಡುಮನೆಯ ಬೆಳಕೇ ಕಮ್ಮಿಯಾದ ಹಾಗಾಯಿತು. ಅಷ್ಟೆತ್ತರದ ಆಳು, ದಪ್ಪ ಮೀಸೆ, ಬಿಸಿಲಿಗೆ ಸುಟ್ಟು ತಾಮ್ರದ ಬಣ್ಣವಾಗಿದ್ದ ಮುಖ. ಟ್ರಂಕು ಇಳಿಸಿದವರೇ ಕೂಸಿಗೆ ಕೈ ಚಾಚಿದರು. ಕೂಸು ಒಂದು ಗಳಿಗೆ ಅವರನ್ನೇ ನೋಡಿತು, ಕೆಳತುಟಿ ಮುಂದೆ ಮಾಡಿತು, ಆಮೇಲೆ ಹೆಂಚು ಹಾರಿಹೋಗುವ ಹಾಗೆ ಅತ್ತಿತು.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮೀಸೆ ಕಂಡು ಹೆದರುತ್ತದೇನೋ ಎಂದು ಭಾವ ಪೇಟೆಗೆ ಹೋಗಿ ಮೀಸೆ ಬೋಳಿಸಿಕೊಂಡು ಬಂದರು. ಕೂಸು ಇನ್ನೂ ಜೋರಾಗಿ ಅತ್ತಿತು. ಅದು ನಿದ್ದೆ ಮಾಡುವಾಗ ಮಾತ್ರ ಅವರು ತೊಟ್ಟಿಲ ಪಕ್ಕ ಕೂತು, ಅದರ ಅಂಗಾಲನ್ನು ಒಂದೇ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಬಂದೂಕು ಹಿಡಿಯುವ ಕೈ ಅಷ್ಟು ಮೆತ್ತಗೆ ಮುಟ್ಟುವುದನ್ನು ನಾನು ಕಂಬದ ಮರೆಯಿಂದ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ.

ಭಾವ ಬರೀ ನೋಡಿಹೋಗಲು ಬಂದಿರಲಿಲ್ಲ. ಅವರಿಗೆ ಉತ್ತರದಲ್ಲೇ, ಬೆಟ್ಟದ ಕೆಳಗಿನ ಬಯಲಿನ ಯಾವುದೋ ಊರಿಗೆ ವರ್ಗವಾಗಿತ್ತು, ಇರಲು ಕ್ವಾರ್ಟರ್ಸ್ ಸಿಕ್ಕಿತ್ತು. ಹೆಂಡತಿ, ಮಗುವನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂದು ಬಂದಿದ್ದರು. ಅಕ್ಕ ಮದುವೆಯಾದ ಮೇಲೆ ಅವರ ಜೊತೆ ಇದ್ದದ್ದೇ ಒಂದು ರಜೆಯ ದಿನಗಳಷ್ಟು. ಅವಳಿಗೆ ಹೋಗುವ ಆಸೆ. ಆದರೆ ಅಪ್ಪ ಒಪ್ಪಲಿಲ್ಲ.

“ನಿಮ್ಮ ಮುಖ ಕಂಡ್ರೆ ಕಿರುಚೋ ಕೂಸನ್ನ ಕಟ್ಕಂಡು ರೈಲಿನಾಗೆ ಅಷ್ಟು ದೂರ ಹೆಂಗೆ ಹೋಗ್ತೀರಿ? ಅಲ್ಲಿ ಇವ್ಳಿಗೆ ಕೈಯಾಸರೆಗೆ ಯಾರವ್ರೆ? ಕೂಸು ನಡೆಯಂಗಾಗ್ಲಿ, ಆಮೇಲೆ ನೋಡಾಣ” ಎಂದು ಹೇಳಿ ಬಟ್ಟೆ ಅಂಗಡಿಯ ಬಾಗಿಲು ತೆರೆಯಲು ಹೋಗಿಬಿಟ್ಟರು. ಅಕ್ಕ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಕೇರಿಯ ಎಷ್ಟೋ ಕೂಸುಗಳಿಗೆ ನೀರು ಹಾಕಿದ ಕೈ ನಮ್ಮ ಅಜ್ಜಿಯದು. ಆವತ್ತು ಅವಳು ಹಂಡೆಗೆ ಉರಿ ಮಾಡಿ, ಸೆರಗು ಸಿಕ್ಕಿಸಿಕೊಂಡು ಬಂದು ಭಾವನ ಮುಂದೆ ನಿಂತಳು.

“ಅಳಿಯಂದ್ರೆ, ಏಳ್ರಿ. ಇವತ್ತು ಕೂಸಿಗೆ ನೀವೇ ನೀರು ಹಾಕ್ರಿ. ಮೈಗೆ ಮೈ ತಾಗ್ಲಿ, ಆಗ ಗುರ್ತು ಹತ್ತೈತೆ.”

ಗಂಡಸರು ಕೂಸಿಗೆ ನೀರು ಹಾಕುವುದನ್ನು ನಾನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಭಾವ ನಗುತ್ತಾರೆ ಅಂದುಕೊಂಡೆ. ಅವರು ನಗದೆ ಎದ್ದು, ಪಂಚೆ ಎತ್ತಿ ಕಟ್ಟಿ ಬಚ್ಚಲಿಗೆ ಹೊರಟರು.

ನಮ್ಮ ಬಚ್ಚಲು ಕತ್ತಲೆಯ ಕೋಣೆ. ಹೊಗೆ ಹಿಡಿದ ಗೋಡೆ, ಮೇಲೆ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲಲ್ಲಿ ಹಂಡೆಯ ಹಬೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಕೊಬ್ಬರಿ ಎಣ್ಣೆ, ಕಡಲೆಹಿಟ್ಟು, ಸೌದೆ ಹೊಗೆ ಎಲ್ಲ ಸೇರಿದ ಒಂದು ವಾಸನೆ. ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಚೊಂಬಿನಲ್ಲಿ ಹೊಯ್ಯುವ ಕೆಲಸ ನನ್ನದು. ಭಾವ ಮಣೆಯ ಮೇಲೆ ಕೂತು ಕಾಲು ಚಾಚಿದರು. ಕಾಲುಚೀಲ ಹಾಗೇ ಇತ್ತು. ಬಂದಾಗಿನಿಂದ, ಅಷ್ಟು ಸೆಕೆಯಲ್ಲೂ, ಅವರು ಯಾರೆದುರೂ ಅದನ್ನು ಬಿಚ್ಚಿರಲಿಲ್ಲ. ಮಿಲಿಟರಿಯವರ ಶಿಸ್ತು ಅದು ಎಂದು ನಾವೆಲ್ಲ ನಂಬಿದ್ದೆವು.

“ಅದನ್ನ ತೆಗೀರಿ. ಕೂಸಿನ ತಲೆ ನಿಲ್ಲೋದೇ ಪಾದದ ಮ್ಯಾಲೆ” ಎಂದಳು ಅಜ್ಜಿ.

ಭಾವ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಬಗ್ಗಿ ಎರಡೂ ಕಾಲುಚೀಲ ತೆಗೆದರು.

ಎಡಗಾಲಿನಲ್ಲಿ ಹೆಬ್ಬೆರಳು, ಅದರ ಪಕ್ಕದ ಬೆರಳು, ಅಷ್ಟೇ ಇದ್ದವು. ಉಳಿದ ಮೂರು ಬೆರಳಿನ ಜಾಗ ನುಣ್ಣಗೆ, ತೆಳು ಗುಲಾಬಿ ಬಣ್ಣದ ಚರ್ಮವಾಗಿತ್ತು. ನನ್ನ ಕೈಯಲ್ಲಿದ್ದ ಚೊಂಬು ವಾಲಿ ನೀರು ಚೆಲ್ಲುತ್ತಿತ್ತು, ನನಗೆ ಗೊತ್ತಾಗಲಿಲ್ಲ.

“ಇದೇನು ಅಳಿಯಂದ್ರೆ?” ಅಜ್ಜಿಯ ದನಿ ಇಳಿದಿತ್ತು.

“ಹಿಮ, ಅಜ್ಜಿ. ಮ್ಯಾಲೆ ಬಿಸ್ಲಿರ್ತೈತ್ರಿ, ಆದ್ರೆ ಬಿಸಿ ಇರಲ್ಲ. ಕಾಲು ಜೋಮು ಹಿಡೀತು ಅಂತ ಬಿಟ್ಟೆ. ಆಸ್ಪತ್ರೆಗೆ ಬರೋದ್ರೊಳಗೆ ಕರ್ರಗಾಗಿತ್ರಿ, ತೆಗೆದ್ರು. ಅದಕ್ಕೇ ಕೆಳಗಿನ ಊರಿಗೆ ಹಾಕ್ಯಾರೆ.”

ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಯಾಕ್ರೀ ಬರೀಲಿಲ್ಲ?” ಎಂದಳು.

“ನೀನು ದಿನ ತುಂಬಿದಾಕಿ ಇದ್ದೆ. ಏನಂತ ಬರೀಲಿ?”

ಅಕ್ಕ ಒಳಗೆ ಬಂದು, ಬಗ್ಗಿ, ಕೂಸನ್ನು ಆ ಕಾಲುಗಳ ಮೇಲೆ ಅಂಗಾತ ಮಲಗಿಸಿದಳು. ಅದರ ಪುಟ್ಟ ತಲೆ ಎರಡು ಪಾದಗಳ ನಡುವಿನ ತಗ್ಗಿನಲ್ಲಿ, ಅದಕ್ಕೇ ಮಾಡಿಟ್ಟ ಹಾಗೆ, ಹೋಗಿ ಕೂತಿತು.

ಕೂಸು ಅಳುತ್ತಲೇ ಇತ್ತು. ಅಜ್ಜಿ ತೋರಿಸಿದ ಹಾಗೆ ಭಾವ ಎಣ್ಣೆ ತಿಕ್ಕಿದರು, ಹಿಟ್ಟು ಹಚ್ಚಿದರು. ಅವರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾನು ನೀರು ಹೊಯ್ಯತೊಡಗಿದೆ. ಅವರಿಗೆ ಜೋಗುಳ ಬರುತ್ತಿರಲಿಲ್ಲ. ಕವಾಯತಿನಲ್ಲಿ ಹೆಜ್ಜೆ ಹಾಕಿಸುವಾಗ ಹೇಳುವುದನ್ನೇ ಮೆಲ್ಲಗೆ, ಪಿಸುಗುಡುವ ಹಾಗೆ ಹೇಳಿದರು: “ಏಕ್ ದೋ ಏಕ್... ಏಕ್ ದೋ ಏಕ್...” ನಾನೂ ಅದೇ ಲಯಕ್ಕೆ ಚೊಂಬು ಬಗ್ಗಿಸಿದೆ. ಬಿಸಿನೀರು ಕೂಸಿನ ಹೊಟ್ಟೆಯ ಮೇಲಿಂದ ಅವರ ಕಾಲುಗಳ ಮೇಲೆ ಹರಿಯಿತು.

ಅಳು ಸಣ್ಣದಾಯಿತು. ಆಮೇಲೆ ನಿಂತೇಹೋಯಿತು. ಕೂಸು ಕಣ್ಣರಳಿಸಿ ತನ್ನ ಅಪ್ಪನ ಮುಖವನ್ನು ಕೆಳಗಿನಿಂದ ನೋಡಿತು. ರೆಪ್ಪೆಯ ಮೇಲೆ ನೀರ ಹನಿ. ಗಾಜಿನ ಹೆಂಚಿನ ಬಿಸಿಲು ಅವರಿಬ್ಬರ ಮೇಲೆ ಮಾತ್ರ ಬಿದ್ದಿತ್ತು. ಆಮೇಲೆ ಕೂಸು ಕಾಲು ಝಾಡಿಸಿ, ನೀರು ಚಿಮ್ಮಿಸಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಭಾವ ಉಸಿರು ಬಿಡಲೂ ಹೆದರಿದವರ ಹಾಗೆ ಕೂತಿದ್ದರು. ಮನುಷ್ಯರ ಮುಖದಲ್ಲಿ ಅಷ್ಟು ಬೆರಗನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ತಿರುಗಿ ನೋಡಿದರೆ ಊಟಕ್ಕೆ ಬಂದ ಅಪ್ಪ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಅವರು ಕೂಸನ್ನು ನೋಡಿದರು, ಆ ಪಾದವನ್ನು ನೋಡಿದರು. ಹಗ್ಗದ ಮೇಲಿದ್ದ ತಮ್ಮ ಮೆತ್ತನೆಯ ಟವೆಲ್ ತಂದು, ಮೊಣಕಾಲೂರಿ ಕೂತು, ಕೂಸನ್ನು ಅದರಲ್ಲಿ ಸುತ್ತಿ ಭಾವನ ಎದೆಗೇ ಕೊಟ್ಟರು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದರು: “ನಾಳೆ ಎಲ್ರೂ ಬೀಗರ ಮನಿಗೆ ಹೋಗಾಣ. ಅವ್ರಿಗೂ ಕೂಸನ್ನ ತೋರಿಸಿ, ಶಿಕಾರಿಪುರದಾಗೆ ಶಿವಮೊಗ್ಗದ ಬಸ್ಸಿಗೆ ನಿಮ್ಮ ಮೂವರ್ನೂ ನಾನೇ ಹತ್ತಿಸಿ ಬರ್ತೀನಿ.”

ಹಾಗೆ ಅಕ್ಕ ಹೋದಳು. ಆ ಕ್ವಾರ್ಟರ್ಸಿನಲ್ಲಿ ಒಂದೇ ಕೋಣೆ, ಒಂದು ಸೀಮೆಎಣ್ಣೆ ಸ್ಟವ್, ಭಾಷೆ ಬಾರದ ನೆರೆಹೊರೆ. ಭಾನುವಾರ ಭಾವ ಅಂಗಳದಲ್ಲಿ ಕಾಲು ಚಾಚಿ ಕೂಸಿಗೆ ನೀರು ಹಾಕಲು ಕೂತರೆ ಪಂಜಾಬಿನ ಹೆಂಗಸರು, ಕೇರಳದ ಹೆಂಗಸರು ಕೆಲಸ ಬಿಟ್ಟು ನೋಡಲು ಬರುತ್ತಿದ್ದರಂತೆ. ಆ ಕೂಸೇ ಈಗ ಅಂಜನಾಪುರದಲ್ಲಿ ಗದ್ದೆ ನೋಡಿಕೊಂಡಿರುವ, ಅರ್ಧ ಬೋಳುತಲೆಯ ನಿಮ್ಮ ದೊಡ್ಡಪ್ಪ!

ಮಕ್ಕಳೇ, ನಿಮ್ಮ ಅತ್ತೆಯ ಗಂಡನೂ ಸೈನ್ಯದಲ್ಲಿದ್ದಾನೆ. ಅವನು ತನ್ನ ಮಗಳ ಮುಖವನ್ನು ಅವಳು ಹುಟ್ಟಿದ ದಿನವೇ ಫೋನಿನಲ್ಲಿ ನೋಡಿದ. ದಿನಾ ಸಂಜೆ ನೀವೆಲ್ಲ ಫೋನಿಗೆ ಮುತ್ತಿಕೊಂಡು ಕೂಗಾಡುವುದು ನನಗೆ ಇವತ್ತಿಗೂ ಮಾಯೆಯ ಹಾಗೇ ಕಾಣುತ್ತದೆ. ಮೊನ್ನೆ ಅವನು ರಜೆಗೆ ಬಂದಾಗ ಪಾಪು ಅಳಲಿಲ್ಲ, ಕಂಡ ಕೂಡಲೇ ನಕ್ಕಿತು. ನೀವು ಚಪ್ಪಾಳೆ ತಟ್ಟಿ ಆಟಕ್ಕೆ ಓಡಿದಿರಿ. ಆಮೇಲೆ ಆದದ್ದನ್ನು ನೋಡಿದವಳು ನಾನೊಬ್ಬಳೇ. ಪಾಪು ಮೆಲ್ಲಗೆ ಕೈ ಚಾಚಿ ಅವನ ಮೂಗು ಹಿಡಿಯಿತು. ಫೋನಿನ ಗಾಜು ತಾಗಲಿಲ್ಲ, ಬೆಚ್ಚಗಿನ, ನಿಜವಾದ ಮೂಗು ಕೈಗೆ ಸಿಕ್ಕಿತು. ಅದರ ನಗು ನಿಂತಿತು, ಕಣ್ಣು ದೊಡ್ಡದಾಯಿತು. ಅವನೂ ಕದಲಲಿಲ್ಲ. ಎಷ್ಟೋ ಹೊತ್ತು ಪಾಪು ಆ ಮೂಗನ್ನು ಬಿಡಲೇ ಇಲ್ಲ.