ಕೋರ್ಟಿಗೆ ಹೊರಟ ಮಗಳಿಗೆ ಉಡಿ

ಹನುಮಸಾಗರದ ನಮ್ಮ ಓಣಿಯ ಹೆಣ್ಣುಮಕ್ಕಳು ಒಟ್ಟಾಗಿ ನನ್ನ ಪಡಸಾಲೆಗೆ ಬಂದರೆಂದರೆ, ಯಾರದೋ ಮನೆಯಲ್ಲಿ ಮದುವೆಯೋ ಸೀಮಂತವೋ ಇದೆಯೆಂದೇ ಅರ್ಥ. ಹೋದ ವರ್ಷ ಮಾಘಮಾಸದ ಒಂದು ಮುಂಜಾನೆ ಅವರು ಬಂದು, "ಅಜ್ಜಾರ, ಉಡಿ ತುಂಬೋದೈತ್ರಿ, ಛಲೋ ಗಳಿಗಿ ನೋಡ್ರಿ" ಎಂದಾಗಲೂ ನಾನು ಹಾಗೆಯೇ ತಿಳಿದು ಪಂಚಾಂಗ ಬಿಡಿಸಿದೆ. "ವರನ ನಕ್ಷತ್ರ ಯಾವುದವ್ವಾ?" ಎಂದು ಕೇಳಿದೆ.

ಅವರಲ್ಲಿ ಹಿರಿಯಳಾದ ಮುದುಕಿ ನಕ್ಕುಬಿಟ್ಟಳು. "ವರನ್ನ ಎಲ್ಲಿಂದ ತರೂಣ್ರಿ? ಹುಡುಗಿ ಕೊಪ್ಪಳದ ಕೋರ್ಟಿಗೆ ಹೊಂಟಾಳ. ತಾರೀಖು ಜಡ್ಜ್ ಸಾಹೇಬ್ರು ಕೊಟ್ಟಾರ, ಗಳಿಗಿ ನೀವು ಕೊಡ್ರಿ."

ಯಾವ ಹುಡುಗಿಯೆಂದು ಕೇಳಬೇಕಾಗಿರಲಿಲ್ಲ. ಕಾಲೇಜು ಮುಗಿಸಿ ತಾಯಿಯೊಡನೆ ಕೂಲಿಗೆ ಹೋಗುತ್ತಿದ್ದವಳು. ಮುಂಗಾರಿನಲ್ಲಿ, ಸಜ್ಜೆ ಹೊಲದ ದಾರಿಯಲ್ಲಿ, ಒಬ್ಬನು ಅವಳನ್ನು ಹಿಡಿದೆಳೆದಿದ್ದ. ಕೂಗು ಕೇಳಿ, ಬದುವಿನಲ್ಲಿ ಮೇವು ಕೊಯ್ಯುತ್ತಿದ್ದ ಈ ಹೆಣ್ಣುಮಕ್ಕಳೇ ಕುಡಗೋಲು ಹಿಡಿದು ಓಡಿಬಂದರು. ಅವನು ಕೈಬಿಟ್ಟು ಓಡಿದ. ಅಂದೇ ಅವಳನ್ನು ನಡುವೆ ನಡೆಸಿಕೊಂಡು ಠಾಣೆಗೂ ಹೋದರು. ಆಮೇಲೆ ಅವನ ಕಡೆಯವರು ರಾಜಿಗೆಂದು ಬರುತ್ತಲೇ ಇದ್ದರು. "ಹುಡುಗಿ ಹೆಸರು ಕೆಡತೈತಿ, ನಾಳೆ ಯಾರು ಮಾಡ್ಕೊಂತಾರ?" ಎಂಬ ಮಾತನ್ನು ಕೇಳಿ ಕೇಳಿ ಅವಳು ಮೂಕಿಯಂತಾಗಿದ್ದಳು. ಈಗ ಸಾಕ್ಷಿ ಹೇಳುವ ದಿನ ಬಂದಿತ್ತು. ಅವಳ ಬಾಯಿಂದ ಮಾತು ಹೊರಡದಿದ್ದರೆ ಅವನು ನಗುತ್ತಲೇ ಮನೆಗೆ ಬರುತ್ತಿದ್ದ.

ಕೋರ್ಟಿನ ತಾರೀಖು ಶುಕ್ರವಾರಕ್ಕಿತ್ತು. ಕೋರ್ಟು ಕೂಡುವ ಹೊತ್ತಿಗೇ ರಾಹುಕಾಲವೆಂದು ಸಂಕೋಚದಿಂದಲೇ ಹೇಳಿದೆ.

"ಹಿಡೀಲಿ ಬಿಡ್ರಿ ರಾಹು, ಅವಂಗ ಹಿಡೀಲಿ" ಎಂದಳು ಮುದುಕಿ. "ನಮ್ಮ ಕೂಸು ಮನಿ ಬಿಡೋ ಗಳಿಗಿ ಹೇಳ್ರಿ, ಸಾಕು."

ಸೂರ್ಯೋದಯಕ್ಕೆ ದೋಷವಿಲ್ಲವೆಂದೆ.

ನಮ್ಮಲ್ಲಿ ಉಡಿ ತುಂಬುವುದು ದೇವಿಗೆ, ಬಸುರಿಗೆ, ತವರಿನಿಂದ ಹೊರಡುವ ಮಗಳಿಗೆ. ನ್ಯಾಯ ಕೇಳಹೊರಟವಳಿಗೆ ಉಡಿ ತುಂಬುವ ವಿಧಿಯನ್ನು ನಾನು ಓದಿದ ಯಾವ ಗ್ರಂಥದಲ್ಲಿಯೂ ಕಂಡಿರಲಿಲ್ಲ. ಆ ಶುಕ್ರವಾರ ಮುಂಜಾನೆ ಅವಳು ಮೂಡಣಕ್ಕೆ ಮುಖಮಾಡಿ ಮಣೆಯ ಮೇಲೆ ಕುಳಿತಳು. ಚೂಡಿದಾರ ತೊಟ್ಟಿದ್ದಳಾದ್ದರಿಂದ ಸೆರಗಿರಲಿಲ್ಲ, ವೇಲನ್ನೇ ಒಡ್ಡಿದಳು. ಒಬ್ಬೊಬ್ಬರಾಗಿ ಬಂದು ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಹಾಕಿದರು. ಮುತ್ತೈದೆಯಾಗು ಎಂದು ಹರಸುವ ಜಾಗದಲ್ಲಿ ಮೊದಲನೆಯವಳು ಅವಳ ಕಣ್ಣಲ್ಲಿ ಕಣ್ಣಿಟ್ಟು ಇಷ್ಟೇ ಅಂದಳು: "ನಾ ಕಂಡೇನವ್ವಾ."

ಎರಡನೆಯವಳೂ ಅದನ್ನೇ ಅಂದಳು. "ನಾ ಕಂಡೇನವ್ವಾ." ಆಮೇಲೆ ಮತ್ತೊಬ್ಬಳು. ಅಂದು ಊರಲ್ಲಿಲ್ಲದ ಒಬ್ಬ ಸೊಸೆ ತನ್ನ ಸರದಿ ಬಂದಾಗ ತಡವರಿಸಿ, "ನಾ ಅಲ್ಲಿ ಇರಲಿಲ್ಲ ಬೇ. ನಾ ನಂಬೇನಿ" ಎಂದಳು.

ಮನನ ಮಾಡಿದವರನ್ನು ಕಾಯುವುದೇ ಮಂತ್ರವೆಂದು ಗುರುಗಳು ಬಾಲ್ಯದಲ್ಲಿ ಹೇಳಿಕೊಟ್ಟಿದ್ದರು. ಅದರ ಅರ್ಥವು ಹೀಗೆ ಕಣ್ಣೆದುರು ನಡೆಯುವುದನ್ನು ಈ ವಯಸ್ಸಿನಲ್ಲಿ ಕಾಣುವ ಭಾಗ್ಯ ನನ್ನದಾಯಿತು.

ಕೊಪ್ಪಳಕ್ಕೆ ನಾನೂ ಹೋದೆ. ಅವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ಎದುರು ಬೆಂಚಿನಲ್ಲಿ ಅವನ ಕಡೆಯವರು ಏನೋ ಹೇಳಿಕೊಂಡು ನಗುತ್ತಿದ್ದರು.

"ನಗ್ರಪಾ, ನಗ್ರಿ" ಎಂದಳು ಮುದುಕಿ. "ಒಳಗ ನಿಮ್ಮ ಹುಡುಗ ಬೆವರಾಕತ್ತ್ಯಾನ."

ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಅವಳು ಬಂದವಳೇ ನೀರು ಬೇಡಿ ಗಟಗಟನೆ ಕುಡಿದಳು.

"ಎಲ್ಲಾ ಹೇಳೇನಿ" ಎಂದಳು ತಾನೇ. "ಅವನ ವಕೀಲ ಮತ್ತೊಮ್ಮೆ ಹೇಳು ಅಂದ. ಮತ್ತೊಮ್ಮೆ ಹೇಳೇನಿ."

ತಾಯಿ ಅಲ್ಲಿಯೇ ಗೋಡೆಗೊರಗಿ ಕುಳಿತು ಅತ್ತಳು. ಮೊಮ್ಮಗಳ ವಯಸ್ಸಿನ ಆ ಹುಡುಗಿಗೆ ನನ್ನ ಕೈಗಳು ತಾವಾಗಿಯೇ ಮುಗಿದವು.

ತೀರ್ಪು ಇನ್ನೂ ಬಂದಿಲ್ಲ. ಆದರೆ ಆ ಸಂಜೆ ಬಸ್ಸಿನಲ್ಲಿ, ಕುಷ್ಟಗಿ ಬರುವವರೆಗೂ, ಅವಳು ಮಾತಾಡುತ್ತಲೇ ಇದ್ದಳು: ಜಡ್ಜ್ ಸಾಹೇಬರ ಕನ್ನಡಕದ ಬಗ್ಗೆ, ಓದಬೇಕೆಂದಿರುವ ಬಿ.ಎಡ್. ಬಗ್ಗೆ, ಬಸ್‌ಸ್ಟ್ಯಾಂಡಿನ ಮಿರ್ಚಿಯ ಖಾರದ ಬಗ್ಗೆ. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ.