ಕನ್ನೊಳ್ಳಿಯ ಮೋಟಾರು ಮತ್ತು ಶಮ್ಶುನ್ನೀಸಾಳ ಎರಡು ಪ್ರಶ್ನೆ

ಸಿಂದಗಿ ಬಜಾರಿನಲ್ಲಿ ಇವತ್ತಿಗೂ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಬೇಕಾದವರು ‘ಬಸಂತರಾಯನ ಡಬ್ಬಿ ಕೊಡ್ರಿ’ ಎಂದೇ ಕೇಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ತಗಡು ಬಸಂತರಾಯನದು, ಬಣ್ಣ ಬಸಂತರಾಯನದು, ಮೇಲಿನ ಸ್ಟಿಕ್ಕರ್ ಕೂಡ ಅವನದೇ. ಒಳಗಿನ ಬುದ್ಧಿ ಮಾತ್ರ ಶಮ್ಶುನ್ನೀಸಾಳದು. ಆಕೆಯ ಹೆಸರು ಹೇಳುವವರು ಒಬ್ಬರಿಲ್ಲ. ಅಂಗಡಿಯಲ್ಲಿ ಕುಳಿತು ಗಿರಾಕಿಗಳನ್ನು ತಿದ್ದಿದೆ, ಬೈದೆ, ಒಬ್ಬಿಬ್ಬರನ್ನು ಹೊರಗೂ ಅಟ್ಟಿದೆ. ಏನೂ ಆಗಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ರಾಚಪ್ಪ, ಕಲಿತದ್ದು ಐದನೆಯ ಇಯತ್ತೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ನನ್ನ ಕಸಬು. ತಪ್ಪಿದ್ದರೆ ಓದುವವರು ನುಂಗಿಕೊಳ್ಳಬೇಕು.

ಶಮ್ಶುನ್ನೀಸಾ ನಮ್ಮ ಹಿಂದಿನ ಓಣಿಯವಳು. ತಾಯಿ ಖಾತುನಬಿ ಕೌದಿ ಹೊಲಿದು ಮಗಳನ್ನು ಓದಿಸಿದಳು. ಮಗಳು ವಿಜಾಪುರದಲ್ಲಿ ಕಂಪ್ಯೂಟರಿನ ದೊಡ್ಡ ಪರೀಕ್ಷೆ ಪಾಸು ಮಾಡಿ ಬಂದು, ಬಸ್‌ಸ್ಟ್ಯಾಂಡಿನ ಎದುರು ಒಂದು ಮಾಳಿಗೆಯ ಮೇಲೆ ಕ್ಲಾಸು ಹಾಕಿದ್ದಳು. ಎರಡು ಸಾವಿರದ ನಾಲ್ಕನೆಯ ಇಸವಿಯ ಸುಮಾರಿನ ಮಾತು. ಹುಡುಗರು ಪ್ರೋಗ್ರಾಮು ಬರೆದು “ಓಡಾಕತ್ತೇತ್ರಿ ಅಕ್ಕೋರ” ಎಂದು ಕುಣಿದರೆ ಈಕೆ ನಿಧಾನವಾಗಿ, “ಓಡತೈತಿ ಖರೆ. ನಿಲ್ಲತೈತೇನು?” ಎಂದು ಕೇಳುವಳು. ಹುಡುಗರು ಆಕೆಗೆ ‘ನಿಲ್ಲತೈತೇನು ಅಕ್ಕೋರು’ ಎಂದೇ ಅಡ್ಡಹೆಸರಿಟ್ಟಿದ್ದರು.

ಬಸಂತರಾಯ ಆಗ ಆಟೋ ಸ್ಟಾರ್ಟರ್ ತಯಾರಿಸಿ ಮಾರಲು ಶುರು ಮಾಡಿದ್ದ. ಕರೆಂಟು ಬಂದೊಡನೆ ರೈತ ಹೊಲಕ್ಕೆ ಓಡಬೇಕಾಗಿಲ್ಲ, ಡಬ್ಬಿಯೇ ಮೋಟಾರು ಚಾಲೂ ಮಾಡುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರು ಸುಡಬಾರದೆಂದು ತಾನೇ ಬಂದ್ ಮಾಡಿ, ಸ್ವಲ್ಪ ತಡೆದು ಮತ್ತೆ ನೋಡುತ್ತದೆ. ಹೀಗೆ ಐದು ಸಲ ಕೆಟ್ಟರೆ ಕೆಂಪು ದೀಪ ಹಚ್ಚಿ ಪೂರ್ತಿ ನಿಂತುಬಿಡುತ್ತದೆ, ಮತ್ತೆ ಮನುಷ್ಯನೇ ಬಂದು ಗುಂಡಿ ಒತ್ತಬೇಕು. ಒಳಗಿನ ಕಂಪ್ಯೂಟರ್ ಚಿಪ್ಪಿಗೆ ಈ ಬುದ್ಧಿ ಬರೆದುಕೊಟ್ಟವಳು ಶಮ್ಶುನ್ನೀಸಾ.

ಒಂದು ವರ್ಷ ಸುಖವಾಗಿತ್ತು. ಆಮೇಲೆ ಕನ್ನೊಳ್ಳಿಯ ಲಕ್ಕವ್ವನ ಬಾವಿಯ ಮೋಟಾರು ಸುಟ್ಟಿತು. ನಾನು ತಂತಿ ಸುತ್ತಿಕೊಟ್ಟೆ. ತಿಂಗಳು ತುಂಬುವುದರೊಳಗೆ ಮತ್ತೆ ಸುಟ್ಟಿತು. ಪಕ್ಕದ ಹೊಲದವರದೂ ಸುಟ್ಟಿತು. ಎಲ್ಲವೂ ನಾನು ಸುತ್ತಿದ ಮೋಟಾರುಗಳೇ, ಎಲ್ಲಕ್ಕೂ ಇದ್ದದ್ದು ಬಸಂತರಾಯನ ಡಬ್ಬಿಯೇ. ಬಸಂತರಾಯ ಸಂತೆಯ ದಿನ ನನ್ನ ಅಂಗಡಿಯ ಮುಂದೆ ನಿಂತು, “ಡಬ್ಬಿ ಮೂರು ದಿನ ಟೆಸ್ಟ್ ಮಾಡೇನಿ, ಕೂದಲಷ್ಟು ತಪ್ಪಿಲ್ಲ. ರಾಚಪ್ಪನ ವೈಂಡಿಂಗ್ ಹಂಗ ಐತಿ, ಏನ್ ಮಾಡೂನು” ಎಂದ. ಅವತ್ತೇ ಮೋಟಾರು ಹೇರಿಕೊಂಡ ಟ್ರ್ಯಾಕ್ಟರೊಂದು ನನ್ನ ಅಂಗಡಿ ದಾಟಿ, ಬೇರೆ ವೈಂಡಿಂಗಿನವನನ್ನು ಹುಡುಕಿ ಇಂಡಿ ರಸ್ತೆ ಹಿಡಿಯಿತು. ಮುಂದಿನ ವಾರ ಇನ್ನೊಂದು ಬಾಗೇವಾಡಿಗೆ ಹೋಯಿತು. ಹೀಗೇ ನಡೆದರೆ ದೀಪಾವಳಿಗೆ ನಾನು ಅಂಗಡಿಯ ಬೋರ್ಡು ಇಳಿಸುವುದೇ.

ಸುಟ್ಟ ತಂತಿಯ ಕಾಯಿಲ್ ಕೈಯಲ್ಲಿ ಹಿಡಿದು ಆಕೆಯ ಮಾಳಿಗೆ ಹತ್ತಿದೆ.

“ಇದನ್ನ ನಿನ್ನ ಪ್ರೋಗ್ರಾಮು ತಿಂದೈತಿ. ಹೆಸರು ಮಾತ್ರ ನಂದು ಕೆಡಾಕತ್ತೈತಿ.”

ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ಆಕೆ ಕಾಯಿಲ್ ಇಸಿದುಕೊಂಡು ಮೂಸಿದಳು.

“ಎಲ್ಲಾ ಕಾಯಿಲ್ ಕರ್ರಗ ಆಗ್ಯಾವೇನ್ರಿ ಅಣ್ಣಾ, ಇಲ್ಲಾ ಕೆಲವಷ್ಟ?”

“ಎರಡು ಫೇಸಿನವು ಸುಟ್ಟಾವು. ಒಂದರದು ಹಂಗ ತಾಮ್ರದ ಬಣ್ಣ ಐತಿ.”

“ಅಂದ್ರ ಮೂರನೇ ಫೇಸ್ ಇಲ್ಲದ ಓಡೇತಿ.”

“ಅದನ್ನ ನೋಡಾಕ ಅಲ್ಲೇನು ನಿಮ್ಮ ಡಬ್ಬಿ ಇರೂದು? ನಾಯಿ ಸಾಕಿ ನಾವ ಬೊಗಳಬೇಕೇನು?”

“ಸಿಟ್ಟು ಇಳಿಸಿ ಕುಂದರ್ರಿ, ಇಲ್ಲಾ ಸಿಟ್ಟಿನ್ಯಾಗ ಕುಂದರ್ರಿ. ನಾ ಅಂತೂ ಈಗ ನೋಡ್ತೇನಿ.”

ಕ್ಲಾಸು ಬಿಟ್ಟವಳೇ ನನ್ನ ಅಂಗಡಿಗೆ ಬಂದಳು. ಮೋಟಾರಿನ ಸೀಳುಗಳಲ್ಲಿ ತಂತಿಯ ಕೆಳಗೆ ಹಾಸುವ ದಪ್ಪ ಕಾಗದದ ಸುರುಳಿಯಿಂದ ಮೊಳದಷ್ಟು ಹರಿದು ನೆಲದ ಮೇಲೆ ಹಾಸಿದಳು. ಪ್ರೋಗ್ರಾಮನ್ನು ನನಗೆ ತಿಳಿಯುವಂತೆ ಕನ್ನಡದಲ್ಲೇ ಸಾಲುಸಾಲಾಗಿ ಬರೆದಳು.

“ಡಬ್ಬಿ ನೋಡತೈತಿ, ಚಾಲೂ ಮಾಡತೈತಿ, ಕೆಟ್ಟರ ಬಿಡತೈತಿ, ಮತ್ತ ಮೊದಲಿನ ಸಾಲಿಗೆ ಬರತೈತಿ. ಹಿಂಗ ತಿರುಗೂದಕ್ಕ ಲೂಪ್ ಅಂತಾರ್ರಿ. ಲೂಪಿಗೆ ಎರಡ ಪ್ರಶ್ನೆ ಕೇಳಬೇಕು. ಪ್ರತಿ ಸಲ ತಿರುಗಿ ಬಂದಾಗ ಯಾವ ಮಾತು ಖರೇನ ಉಳೀತೈತಿ? ಪ್ರತಿ ಸುತ್ತಿಗೂ ಏನು ಕಡಿಮಿ ಆಕ್ಕೋತ ಹೋಗತೈತಿ? ಏನೂ ಕಡಿಮಿ ಆಗಲಿಲ್ಲಂದ್ರ ಅದು ನಿಂದರೂದಿಲ್ಲ.”

“ಇಷ್ಟೆಲ್ಲಾ ಯಾಕ? ಒಂದು ಡಬ್ಬಿ ಹಚ್ಚಿ ನೋಡೂನು.”

“ಹಚ್ಚಿ ನೋಡಿದ್ರ, ನಾವು ಹಚ್ಚಿದಾಗ ಏನಾತು ಅನ್ನೂದಷ್ಟ ತಿಳೀತೈತಿ. ಬಸಂತರಾಯ ಕಾಕಾ ಮೂರು ದಿನ ಹಚ್ಚಿ ನೋಡ್ಯಾರಲ್ಲ?”

ಅದು ಸರಿ ಅನ್ನಿಸಿತು. ಆದರೂ ಮೊದಲ ಪ್ರಶ್ನೆ ನನ್ನ ತಲೆಗೆ ಇಳಿಯಲಿಲ್ಲ. “ನೀವು ವೈಂಡಿಂಗ್ ಹೆಂಗ ತಪಾಸ ಮಾಡ್ತೀರಿ?” ಎಂದು ಕೇಳಿದಳು.

“ಒಂದೊಂದು ಕಾಯಿಲ್ ಕೂಡಿಸಿದ ಮ್ಯಾಲೂ ದೀಪ ಹಚ್ಚಿ ನೋಡ್ತೇನಿ. ದೀಪ ಹತ್ತಲಿಲ್ಲಂದ್ರ ತಂತಿ ಮೋಟರಿನ ಕಬ್ಬಿಣಕ್ಕ ತಾಗಿಲ್ಲ, ಮುಂದಿಂದು. ಹಿಂದಿಂದೆಲ್ಲಾ ಛಲೋ ಇದ್ದು, ಈಗಿಂದೂ ಛಲೋ ಕುಂತಿತಂದ್ರ, ಇಲ್ಲೀತನಕ ಎಲ್ಲಾ ಛಲೋ.”

“ಅದ ನೋಡ್ರಿ ಅಣ್ಣಾ. ನಾ ಎರಡು ವರ್ಷ ಓದಿದ್ದು ಅದ” ಎಂದು ನಕ್ಕಳು.

ಆಮೇಲೆ ಎರಡನೆಯ ಪ್ರಶ್ನೆ. ಡಬ್ಬಿಗೆ ಉಳಿದ ಸಲಗಳು ಐದು. ಕೆಟ್ಟಾಗೊಮ್ಮೆ ಒಂದು ಕಡಿಮೆ. ನಾಲ್ಕು, ಮೂರು, ಎರಡು. ಆಕೆಯ ಬೆರಳು ಒಂದೊಂದೇ ದಾರಿ ಹಿಡಿದು ಹೊರಟು ತಿರುಗಿ ಬರುತ್ತಿತ್ತು, ಪ್ರತಿ ದಾರಿಯಲ್ಲೂ ಕಡಿಮೆಯಾಗುತ್ತಿತ್ತು. ಒಂದು ಸಾಲಿಗೆ ಬಂದಾಗ ಬೆರಳು ನಿಂತಿತು. ಮೂರೂ ಫೇಸು ಕಂಡೊಡನೆ ಐದೂ ಸಲ ವಾಪಸು ಕೊಡು, ಎಂಬ ಸಾಲು ಅದು.

“ಇದು ಮೊದಲ ಇರಲಿಲ್ರಿ. ಡಬ್ಬಿ ಪದೇ ಪದೇ ಲಾಕ್ ಆಗತೈತಿ, ಗುಂಡಿ ಒತ್ತಾಕ ಹೊಲಕ್ಕ ನಡದು ನಡದು ಕಾಲು ಹೋದ್ವು ಅಂತ ಲಕ್ಕವ್ವಾಯಿ ಕಾಕಾಗ ಬೈದಿದ್ಳಂತ. ಕಾಕಾ ಅವಸರ ಮಾಡಿದ್ರು. ನಾ ಈ ಸಾಲು ಸೇರಿಸಿದೆ, ಮತ್ತ ಎರಡು ಪ್ರಶ್ನೆ ಕೇಳಲಿಲ್ಲ.” ಬೆರಳನ್ನು ಮತ್ತೆ ಮೊದಲಿನ ಸಾಲಿಗೆ ಒಯ್ದು ಕೇಳಿದಳು: “ಮೂರೂ ಫೇಸು ಬಂದಂಗ ಕಂಡು, ಚಾಲೂ ಮಾಡಿದ ಕೂಡ್ಲೆ ಒಂದು ಹೋದ್ರ, ಐದು ನಾಲ್ಕಾಕ್ಕೈತಿ, ಮತ್ತ ಐದಾಕ್ಕೈತಿ. ಹಗಲೆಲ್ಲಾ ಹಂಗ ಚಾಲೂ, ಬಂದ್; ಕಾಯಿಲ್ ಕಾದು ಕಾದು ಸುಡತೈತಿ. ಆದ್ರ ಕರೆಂಟು ಹಂಗ ಎಲ್ಲೆರೆ ಮಾಡತೈತೇನ್ರಿ?”

ನಾನು ಹಣೆ ಬಡಿದುಕೊಂಡೆ. ಕನ್ನೊಳ್ಳಿಯಲ್ಲಿ ಹಗಲು ಎರಡೇ ಫೇಸು ಇರುತ್ತಿದ್ದವು. ಸುತ್ತಲಿನ ಹೊಲದವರು ಕಂಡೆನ್ಸರ್ ಹಾಕಿ ಎರಡು ಫೇಸಿನ ಮೇಲೆಯೇ ಮೋಟಾರು ಓಡಿಸುತ್ತಿದ್ದರು. ಆ ಮೋಟಾರುಗಳಿಂದ ಸತ್ತ ತಂತಿಗೂ ಕರೆಂಟು ತಿರುಗಿ ಬರುತ್ತದೆ. ಮೀಟರಿಗೆ ಮೂರೂ ಇದ್ದಂತೆ ಕಾಣುತ್ತದೆ, ಮೋಟಾರಿನ ಭಾರ ಬಿದ್ದರೆ ಮಾಯ. ಬಸಂತರಾಯನ ಅಂಗಡಿಯಲ್ಲಿ ಟೆಸ್ಟಿಗೆಂದು ಫ್ಯೂಜು ಕಿತ್ತರೆ ಆ ತಂತಿ ಸತ್ತೇ ಇರುತ್ತದೆ. ಮೂರು ದಿನವಲ್ಲ, ಮೂರು ವರ್ಷ ಟೆಸ್ಟ್ ಮಾಡಿದ್ದರೂ ಅವನಿಗೆ ಸಿಗುತ್ತಿರಲಿಲ್ಲ.

ಆಕೆ ಆ ಸಾಲು ಹೊಡೆದುಹಾಕಿ ಹೊಸದು ಬರೆದಳು: ಮೋಟಾರು ಅರ್ಧ ತಾಸು ನೆಟ್ಟಗೆ ಓಡಿದ ಮೇಲಷ್ಟೇ ಐದೂ ಸಲ ವಾಪಸು. ಈ ಸಲ ಮತ್ತೆ ಮೊದಲಿನಿಂದ ಎಲ್ಲ ದಾರಿ ನಡೆದಳು. ಕಾಗದ ತುಂಬಿತು, ಇನ್ನೊಂದು ಮೊಳ ಹರಿದುಕೊಟ್ಟೆ.

ಬಸಂತರಾಯ ಕೇಳಿ ಕೆಂಡವಾದ. “ಡಬ್ಬಿ ತಪ್ಪು ಅಂದ್ರ ನನ್ನ ಮಾಲು ಮುಳುಗತೈತಿ. ವೈಂಡಿಂಗ್ ಅಂತ ಅಂದಿದ್ದೇವಿ, ಹಂಗ ಇರಲಿ. ಬೈಸ್ಕೊಳ್ಳೂದು ರಾಚಪ್ಪಗ ರೂಢಿ ಐತಿ.”

ನಾನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡಿದ್ದೆ. ಆಕೆ ನಡುವೆ ಬಂದಳು. “ತಪ್ಪು ನಂದು ಕಾಕಾ. ಎಲ್ಲಿ ಸುಟ್ಟೈತೋ ಅಲ್ಲೇ ಹೋಗಿ ಹೇಳ್ತೇನಿ. ನೀವೂ ಬರ್ರಿ.”

ಲಕ್ಕವ್ವನ ಬಾವಿಯ ಹತ್ತಿರ ಅರ್ಧ ಊರು ನೆರೆದಿತ್ತು. ನಾನು ಎರಡನೆಯ ಸಲ ಸುತ್ತಿದ ಮೋಟಾರು ಕೂಡಿಸಿದೆ. ಇದು ಸುಟ್ಟರೆ ಇವತ್ತೇ ಬೋರ್ಡು ಇಳಿಸುತ್ತೇನೆಂದು ಎಲ್ಲರ ಮುಂದೆ ಹೇಳಿದೆ. ಶಮ್ಶುನ್ನೀಸಾ ಹೊಸ ಚಿಪ್ಪು ಹಾಕಿ ಎದ್ದು ನಿಂತು, ತಾನು ಸೇರಿಸಿದ ಸಾಲಿನ ಕಥೆ ಹೇಳಿದಳು. ಬಸಂತರಾಯ ತನ್ನ ಗಾಡಿಯ ಮೇಲೆ ಕುಳಿತು ಆಕಾಶ ನೋಡುತ್ತಿದ್ದ.

“ಅಂದ್ರ ನನ್ನ ಮೋಟರ್ ನಾನ ಸುಟ್ಕೊಂಡೆ ಅನ್ನಾಕತ್ತೀಯೇನ?” ಎಂದಳು ಲಕ್ಕವ್ವ.

“ಇಲ್ಲ ಆಯಿ. ನೀ ಕೇಳಿದಿ, ನಾ ಬರದೆ. ತಪ್ಪು ಬರದಾಕಿದು.”

“ಭಾಳ ಮಂದಿ ನೋಡೇನಿ, ತಪ್ಪು ನಂದು ಅಂತ ಬಂದಾಕಿ ನೀ ಒಬ್ಬಾಕಿ. ಕುಂದರು, ರೊಟ್ಟಿ ತಿನ್ನು.”

ಸುತ್ತಲಿನ ಕಂಡೆನ್ಸರ್ ಮೋಟಾರುಗಳೆಲ್ಲ ಗುಂಯ್‌ಗುಡುತ್ತಿದ್ದವು. ಡಬ್ಬಿಯ ಸ್ವಿಚ್ಚು ಹಾಕಿದೆ. ಖಟ್ ಎಂದಿತು, ಮೋಟಾರು ನರಳಿತು, ಬಿಟ್ಟಿತು. ಮತ್ತೆ ಖಟ್. ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಈಕೆ ಡಬ್ಬಿಗೆ ಬೆನ್ನು ಹಾಕಿ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು.

“ಒಂದೀಟು ಹೊಳ್ಳಿ ನೋಡ್ರಿ ಅಕ್ಕೋರ” ಎಂದೆ.

“ನೋಡೇನಲ್ರಿ, ಆ ಕಾಗದದ ಮ್ಯಾಲೆ.”

ಐದನೆಯ ಖಟ್ ಆದ ಮೇಲೆ ಕೆಂಪು ದೀಪ ಹತ್ತಿತು. ಆಮೇಲೆ ಸದ್ದಿಲ್ಲ. “ಹೊಸಾ ಡಬ್ಬಿನೂ ಸತ್ತಿತಲ್ಲೋ” ಎಂದು ಯಾರೋ ನಕ್ಕರು. ನಾನು ಮೋಟಾರಿನ ಮೇಲೆ ಅಂಗೈ ಇಟ್ಟೆ. ಬರೀ ಬೆಚ್ಚಗಿತ್ತು. “ಸತ್ತಿಲ್ಲಲೇ, ನಿಂತೈತಿ. ನಿಂದರೂದು ಕಲತೈತಿ” ಎಂದು ಕೂಗಿದ್ದು ಪಕ್ಕದ ಮೂರು ಹೊಲಕ್ಕೆ ಕೇಳಿಸಿರಬೇಕು. ಇಳಿಹೊತ್ತಿಗೆ ನಿಜವಾದ ಮೂರು ಫೇಸು ಬಂತು. ಲಕ್ಕವ್ವ ಗುಂಡಿ ಒತ್ತಿದಳು. ನೀರು ಪೈಪಿನಿಂದ ಹಾರಿ ಬಸಂತರಾಯನ ಇಸ್ತ್ರಿ ಅಂಗಿಯನ್ನೂ ತೋಯಿಸಿತು. ಅವನು ಕೂಡಲೇ ಇಳಿದು, “ನಮ್ಮ ಡಬ್ಬಿ ಹೆಂಗ ನಿಂತಿತು ನೋಡಿದ್ರೇನು?” ಎಂದು ಮಂದಿಗೆ ಹೇಳತೊಡಗಿದ. ಮನುಷ್ಯನಿಗೆ ನಾಚಿಕೆ ಎಂಬುದು ಹುಟ್ಟಿನಿಂದಲೇ ಇರಲಿಲ್ಲ.

ಆ ವಾರವೇ ಕನ್ನೊಳ್ಳಿಯ ಟ್ರ್ಯಾಕ್ಟರುಗಳು ನನ್ನ ಅಂಗಡಿಯ ಮುಂದೆ ನಿಂತವು. ಶಮ್ಶುನ್ನೀಸಾ ಚಿಪ್ಪುಗಳ ಚೀಲ ಹೆಗಲಿಗೆ ಹಾಕಿ, ಬಸ್ಸಿನಲ್ಲಿ ಇಂಡಿ, ಬಾಗೇವಾಡಿ, ಮುದ್ದೇಬಿಹಾಳ ತಿರುಗಿ ಹಳೆಯ ಡಬ್ಬಿಗಳನ್ನೆಲ್ಲ ಸರಿಮಾಡಿದಳು. ಹೋದಲ್ಲೆಲ್ಲ ತಪ್ಪು ತನ್ನದೆಂದು ಹೇಳಿಯೇ ಸ್ಕ್ರೂ ಬಿಚ್ಚುತ್ತಿದ್ದಳು. ಹಾಗೆ ತಿರುಗುವಾಗಲೇ ಮುದ್ದೇಬಿಹಾಳದ ಕಾಲೇಜೊಂದರವರು ಆಕೆಯ ಮಾತು ಕೇಳಿ, ಕರೆದು ಕೆಲಸ ಕೊಟ್ಟರು. ಖಾತುನಬಿ ಓಣಿಗೆಲ್ಲ ಶಾವಿಗೆಯ ಶೀರಕುರ್ಮಾ ಹಂಚಿದಳು.

ಕನ್ನೊಳ್ಳಿಯಿಂದ ಬರುವಾಗ ನಾನು ಕೇಳಿದ್ದೆ: “ನಿಮಗ ಏನು ಕೊಡಲಿ ಅಕ್ಕೋರ?”

“ಒಂದು ಮೋಟರ್ ನನ್ನ ಕೈಲೆ ಸುತ್ತಬೇಕ್ರಿ. ತಂತಿ ಬಿಚ್ಚೂದರಿಂದ ಹಿಡದು ದೀಪ ಹಚ್ಚೂತನಕ. ನೀವು ಬಾಜೂಕ ಕುಂತು ಬೈಕೋತ ಕಲಸಬೇಕು.”

“ಶುಕ್ರವಾರ ಬರ್ರಿ” ಎಂದೆ. ಆ ಶುಕ್ರವಾರ ಆಕೆ ಇಂಡಿಯಲ್ಲಿದ್ದಳು, ಮುಂದಿನ ಶುಕ್ರವಾರ ಬಾಗೇವಾಡಿಯಲ್ಲಿ. ಆಮೇಲೆ ನೌಕರಿ, ಆಮೇಲೆ ತಾಳಿಕೋಟೆಗೆ ಮದುವೆ. ಸಣ್ಣದೊಂದು ಮೋಟಾರು ಬಿಚ್ಚಿ, ತೊಳೆದು, ಸೀಳುಗಳಿಗೆ ಹೊಸ ಕಾಗದ ಹಾಸಿ ಆಕೆಗೆಂದು ಇಟ್ಟೆ. ಗಿರಾಕಿಗಳು ಕೇಳಿದರೆ ಮುಟ್ಟಗೊಡುವುದಿಲ್ಲ. ಹಾಸಿದ ಕಾಗದ ಹಳದಿಯಾಯಿತೆಂದು ಹೋದ ವರ್ಷ ಮತ್ತೆ ಬದಲಿಸಿದೆ. ಅದಕ್ಕೆ ಇನ್ನೂ ಯಾರೂ ತಂತಿ ಸುತ್ತಿಲ್ಲ.