ಶೇಷಣ್ಣನ ಬೀಡಿ, ನನ್ನ ಕೆಮ್ಮು

ನಿನ್ನೆ ತೋಳು ಗಿಡ್ಡ ಮಾಡಲು ಬಂದ ಅಂಗಿಯೊಂದನ್ನು ಬಿಡಿಸಿದೆ. ಗಪ್ಪೆಂದು ಬೀಡಿ ವಾಸನೆ ಬಂತು. ಮೂಗು ಮುಚ್ಚಿಕೊಳ್ಳಬೇಕಾದ ನನಗೆ ನಗು ಯಾಕೆ ಬಂತೆಂದು ನಿಮಗೆ ಹೇಳಲೇಬೇಕು.

ಹೊಸನಗರದ ಪೇಟೆಯಲ್ಲಿ ಒಂದೇ ಕೋಣೆಯ ಟೈಲರ್ ಅಂಗಡಿ ನಮ್ಮದು. ನಾನು, ಗೆಳೆಯ ಶೇಷಣ್ಣ, ಎರಡು ಮಿಷಿನ್ನು. ನಾನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಆ ಬಗ್ಗೆ ತುಸು ಜಂಬವೂ ಇತ್ತು. ಶೇಷಣ್ಣನಿಗೆ ಮಾತ್ರ ಬೀಡಿ ಹಚ್ಚದೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಮಳೆಯ ಇರಿಚಲು ಒಳಗೆ ಹೊಡೆಯುತ್ತದೆಂದು ಬಾಗಿಲು ಓರೆ ಮಾಡಿದರೆ, ಹೊಗೆಯಲ್ಲಿ ಎದುರು ನಿಂತ ಗಿರಾಕಿಯ ಮುಖವೇ ಮಸುಕಾಗುತ್ತಿತ್ತು.

ಹೀಗೆ ಹನ್ನೆರಡು ವರ್ಷ ಕಳೆದ ಮೇಲೆ ನನಗೆ ಬಿಡದ ಕೆಮ್ಮು ಹತ್ತಿಕೊಂಡಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೆಂಡತಿ ಸರೋಜ ತೀರ್ಥಹಳ್ಳಿಯ ಡಾಕ್ಟರೊಬ್ಬರ ಬಳಿ ಎಳೆದುಕೊಂಡು ಹೋದಳು. ಅವರು ಎದೆ ಪರೀಕ್ಷಿಸಿ, “ದಿನಕ್ಕೆ ಎಷ್ಟು ಬೀಡಿ?” ಎಂದರು. ನಾನು ಆಣೆ ಇಡಲು ಹೊರಟೆ.

“ಸೇದೋದು ಶೇಷಣ್ಣ, ಕೆಮ್ಮೋದು ಇವರು, ಡಾಕ್ಟ್ರೇ” ಎಂದಳು ಸರೋಜ.

ಡಾಕ್ಟರು ನಗಲಿಲ್ಲ. ಸೇದುವವನ ಪಕ್ಕದಲ್ಲಿ ಕೂತವನ ಶ್ವಾಸಕೋಶಕ್ಕೂ ಹೃದಯಕ್ಕೂ ಆ ಹೊಗೆ ಕೇಡೇ, ಅದು ನಿಲ್ಲದೆ ತಾವು ಕೊಡುವ ಔಷಧಿ ನಾಟುವುದಿಲ್ಲ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಶೇಷಣ್ಣನಿಗೆ ಹೇಳಬೇಕಾದ ಮಾತನ್ನು ಹತ್ತು ಸಲ ಹೊಲಿದು ಬಿಚ್ಚಿದೆ. ಮುನಿಸಿಕೊಂಡು ಮಿಷಿನ್ ಎತ್ತಿಕೊಂಡು ಹೊರಟೇಹೋದರೆ? ಕೊನೆಗೆ ಅಂಗಡಿಯಲ್ಲಿ ಅವನೆದುರು ನನ್ನ ಬಾಯಿಂದ ಬಂದದ್ದು, “ನಂಗೆ ಬಟ್ಟೆ ಧೂಳು ಆಗಲ್ವಂತೆ.”

ಪಾಪ, ಮರುದಿನದಿಂದ ಅವನು ದಿನಕ್ಕೆ ಮೂರು ಸಲ ಅಂಗಡಿ ಗುಡಿಸಿದ, ಒದ್ದೆ ಬಟ್ಟೆಯಲ್ಲಿ ನನ್ನ ಮಿಷಿನ್ ಒರೆಸಿದ. ಅಷ್ಟೂ ಹೊತ್ತು ತುಟಿಯಲ್ಲಿ ಬೀಡಿ. ನಾಲ್ಕನೇ ದಿನ ನನಗೆ ತಡೆಯಲಾಗಲಿಲ್ಲ.

“ಧೂಳಲ್ಲ ಶೇಷಣ್ಣ, ನಿನ್ನ ಬೀಡಿ.”

ಪೊರಕೆ ನಿಂತಿತು. “ಮೊದ್ಲೇ ಹೇಳಕ್ಕೆ ಎಂತಾಗಿತ್ತು ಮಾರಾಯ?”

“ನೀನು ಬೇಜಾರು ಮಾಡ್ಕಂಡ್ರೆ ಅಂತ.”

“ನೀನು ಸತ್ರೆ ನಂಗೆ ಬೇಜಾರಾಗಲ್ವಾ?” ಎಂದವನೇ ರಸ್ತೆಯಾಚೆಗೆ ಹೋದ.

ಅಂದಿನಿಂದ ಛತ್ರಿ ಹಿಡಿದು ಹೊರಗೇ ಸೇದಿದ. ಪ್ರತಿ ಸಲ ಎದ್ದು ಹೋಗುವ ತ್ರಾಸಕ್ಕೋ, ನನ್ನ ಮೇಲಿನ ಪ್ರೀತಿಗೋ, ಎರಡು ಮಳೆಗಾಲ ಮುಗಿಯುವಷ್ಟರಲ್ಲಿ ಬೀಡಿ ಬಿಟ್ಟೇಬಿಟ್ಟ. ನನ್ನ ಕೆಮ್ಮೂ ಇಳಿಯಿತು. ಏದುಸಿರು ಮಾತ್ರ ಸ್ವಲ್ಪ ಉಳಿದಿದೆ. ನಿನ್ನೆ ಆ ಅಂಗಿಯ ವಾಸನೆಗೆ, ಬೀಡಿ ಕಚ್ಚಿಕೊಂಡೇ ಧೂಳು ಗುಡಿಸುತ್ತಿದ್ದ ಶೇಷಣ್ಣ ಕಣ್ಣಮುಂದೆ ಬಂದು ನಗು ಬಂತು.

ಇವತ್ತು ಬೆಳಿಗ್ಗೆ ಸಾಗರದಿಂದ ಗುಂಡಿ, ದಾರ ತಂದ ವ್ಯಾಪಾರಿಯೊಬ್ಬರು ಅಂಗಡಿಯೊಳಗೆ ಕೂತು ಕಡ್ಡಿ ಗೀರಿದರು. ಶೇಷಣ್ಣ ಎದ್ದು ಅವರ ಮೊಣಕೈ ಹಿಡಿದು, “ರಸ್ತೆ ಆಚೆ ಸೇದ್ಕಂಡು ಬನ್ನಿ. ಇಲ್ಲಿ ಹೊಗೆ ಆಗಲ್ಲ” ಎಂದ.

“ಯಾರಿಗೆ ಆಗಲ್ಲ?” ಎಂದು ಅವರು ಕೇಳಿದರು.

ನಾನು ಕೈ ಎತ್ತುವಷ್ಟರಲ್ಲಿ ಶೇಷಣ್ಣ, “ನಂಗೆ” ಎಂದ.